ಫ್ಲಾಪಿಯಿಂದ ನ್ಹಾವಾ ಶೇವಾವರೆಗೆ: ರ‍್ಯಾನ್ಸಮ್‌ವೇರ್ ನಡೆದು ಬಂದ ದಾರಿ

ಕಳೆದ ವಾರ ಚಾನೆಲ್‌ನಲ್ಲಿ ಆಡಿದ ಮಾತಿನ ಬರಹರೂಪ ಇದು. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ. ನೋಡೋದಕ್ಕಿಂತ ಓದೋದು ಇಷ್ಟ ಅನ್ನುವವರಿಗೆ, ಲೋಕಲ್ ಟ್ರೇನಿನಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ ಇದು.

2021ರ ಜನವರಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕಾಕಾ ಫೋನ್ ಮಾಡಿದರು. ಕಾಕಾ ಅಂದರೆ ನಮ್ಮಪ್ಪನ ಚಿಕ್ಕಪ್ಪನ ಮಗ. ಬೈಲಹೊಂಗಲದ ಕಡೆಯಿಂದ ಮೂವತ್ತು ವರ್ಷದ ಹಿಂದೆ ಪುಣೆಗೆ ಬಂದು, ಯಾರದೋ ಲೇಥ್ ಮೇಲೆ ಕೈ ಪಳಗಿಸಿಕೊಂಡು, ಈಗ ಭೋಸರಿ ಎಂಐಡಿಸಿಯಲ್ಲಿ ಹದಿನಾಲ್ಕು ಜನ ಕೆಲಸ ಮಾಡುವ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾರೆ.

"ತಮ್ಮಾ, ಟ್ಯಾಲಿ ತೆಗೀವಲ್ದೋ. ಎಲ್ಲಾ ಫೈಲಿನ ಹೆಸರಿನ ಮುಂದ ಏನೇನೋ ಅಕ್ಷರ ಬಂದಾವ. ಇಂಗ್ಲಿಷ್‌ನ್ಯಾಗ ಒಂದ ಚೀಟಿ ಬಿಟ್ಟಾರ. ಸ್ವಲ್ಪ ಬಂದು ನೋಡಿ ಹೋಗು."

ಹೋಗೋ ಮೊದಲೇ ಏನಾಗಿದೆ ಅಂತ ಗೊತ್ತಾಗಿತ್ತು. ಆದರೂ ಒಂದು ಧೈರ್ಯ ಇತ್ತು, ಯಾಕಂದ್ರೆ ಎರಡು ವರ್ಷದ ಹಿಂದೆ ಅವರ ಆಫೀಸಿಗೆ ಬ್ಯಾಕಪ್ ಅಂತ ಒಂದು ಹಾರ್ಡ್ ಡಿಸ್ಕ್ ತಂದು ಹಚ್ಚಿಕೊಟ್ಟವನು ನಾನೇ. ದಿನಾ ರಾತ್ರಿ ಹತ್ತಕ್ಕೆ ತಾನಾಗೇ ಕಾಪಿ ಆಗುವ ಹಾಗೆ ಮಾಡಿದ್ದೆ. "ಇನ್ನ ನಿಶ್ಚಿಂತಿ ಇರ‍್ರಿ ಕಾಕಾ" ಅಂತ ಹೇಳಿ, ಚಹಾ ಕುಡಿದು ಬಂದಿದ್ದೆ.

ಆ ಡಿಸ್ಕ್ ತೆರೆದು ನೋಡಿದರೆ ಅದರಲ್ಲೂ ಅದೇ ಅಕ್ಷರಗಳು. ಎರಡು ವರ್ಷ ಅದನ್ನು ಯಾರೂ ಕಂಪ್ಯೂಟರ್‌ನಿಂದ ಬಿಚ್ಚಿರಲಿಲ್ಲ. ಬಿಚ್ಚಬೇಕು ಅಂತ ನಾನು ಹೇಳಿರಲೂ ಇಲ್ಲ. ಕಂಪ್ಯೂಟರ್‌ಗೆ ಬಂದ ಕಳ್ಳನಿಗೆ ಅದು ಇನ್ನೊಂದು ಡ್ರೈವ್, ಅಷ್ಟೇ.

ಆ ವಾರ ಕಾಕಾ ನನ್ನನ್ನು ಮೂರು ಪ್ರಶ್ನೆ ಕೇಳಿದರು. ರೊಕ್ಕ ಕೊಟ್ರ ಫೈಲ್ ವಾಪಸ್ ಕೊಡ್ತಾರೇನು? ನಾ ಇಷ್ಟ ಸಣ್ಣಾವ, ನನ್ನ ಯಾಕ ಹಿಡದ್ರು? ಬ್ಯಾಕಪ್ ಇದ್ದೂ ಯಾಕ ಹೋತು? ಎಂಟೆಕ್ ಮಾಡಿದ ನನ್ನ ಹತ್ತಿರ ಮೂರಕ್ಕೂ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಹಳೆಯ ಕಥೆಗಳನ್ನು ಹುಡುಕಿ ಓದುತ್ತಾ ಹೋದೆ. ಉತ್ತರಗಳು ಅಲ್ಲಿದ್ದವು. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಅಂಚೆಯಲ್ಲಿ ಬಂದ ಮೊದಲ ಒತ್ತೆ

1989ರ ಡಿಸೆಂಬರ್. ಇಂಟರ್ನೆಟ್ ಇನ್ನೂ ಮನೆಮನೆಗೆ ಬಂದಿಲ್ಲ. ಲಂಡನ್‌ನಿಂದ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಹೊರಟವು. ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರಿಗೆ, ಏಡ್ಸ್ ಕುರಿತ ಸಮ್ಮೇಳನಕ್ಕೆ ಬಂದಿದ್ದವರಿಗೆ. ಮೇಲಿನ ಲೇಬಲ್‌ನಲ್ಲಿ ಏಡ್ಸ್ ಬಗ್ಗೆ ಮಾಹಿತಿ ಕೊಡುವ ಡಿಸ್ಕ್ ಅಂತ ಇತ್ತು. ಹಾಕಿದರೆ ನಿಜವಾಗಲೂ ಪ್ರಶ್ನೆ ಕೇಳಿ, ನಿಮಗೆ ರೋಗದ ಅಪಾಯ ಎಷ್ಟು ಅಂತ ಹೇಳುತ್ತಿತ್ತು.

ಅದರ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕಂಪ್ಯೂಟರ್ ಎಷ್ಟು ಸಲ ಆನ್ ಆಯಿತು ಅಂತ ಗುಟ್ಟಾಗಿ ಎಣಿಸುತ್ತಿತ್ತು. ಸುಮಾರು 90 ಸಲ ಆದಮೇಲೆ ಫೈಲ್‌ಗಳ ಹೆಸರನ್ನೆಲ್ಲ ಗೋಜಲು ಮಾಡಿ, ಫೋಲ್ಡರ್ ಬಚ್ಚಿಟ್ಟು, ಪನಾಮಾ ದೇಶದ ಒಂದು ಪೋಸ್ಟ್ ಬಾಕ್ಸ್‌ಗೆ 189 ಡಾಲರ್ ಕಳಿಸಿ ಅಂತ ಕೇಳುತ್ತಿತ್ತು. ಅದನ್ನು ದರೋಡೆ ಅಂತ ಅನ್ನದೆ, ಸಾಫ್ಟ್‌ವೇರ್‌ನ ಲೈಸೆನ್ಸ್ ಬಾಡಿಗೆ ಅಂತ ಕರೆದಿದ್ದರು.

ಇದರ ಹಿಂದೆ ಇದ್ದಾರೆ ಅಂತ ಬಂಧಿಸಿದ್ದು ಜೋಸೆಫ್ ಪಾಪ್ ಅನ್ನುವ ಅಮೆರಿಕದ ಜೀವವಿಜ್ಞಾನಿಯನ್ನು. ಹಾರ್ವರ್ಡ್‌ನಲ್ಲಿ ಓದಿದವರು, ಬಬೂನ್ ಕೋತಿಗಳ ಮೇಲೆ ಅಧ್ಯಯನ ಮಾಡಿದವರು. ಬ್ರಿಟನ್‌ಗೆ ಕರೆತಂದರೂ, ಮಾನಸಿಕವಾಗಿ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲ ಅಂತ 1991ರಲ್ಲಿ ಕೋರ್ಟು ಕೈಬಿಟ್ಟಿತು.

ಈ ಮೊದಲ ಪ್ರಯತ್ನದಲ್ಲಿ ಎರಡು ದೊಡ್ಡ ದೋಷ ಇದ್ದವು. ಒಂದು, ಫೈಲಿನ ಒಳಗಿದ್ದದ್ದು ಹಾಗೇ ಇತ್ತು, ಬದಲಾಗಿದ್ದು ಹೆಸರು ಮಾತ್ರ. ಬಿಚ್ಚುವ ಗುಟ್ಟು ಕೂಡ ಅದೇ ಪ್ರೋಗ್ರಾಮ್ ಒಳಗೇ ಇತ್ತು. ಜಿಮ್ ಬೇಟ್ಸ್ ಅನ್ನುವ ಬ್ರಿಟಿಷ್ ತಜ್ಞ ಅದನ್ನು ಬಿಡಿಸಿ ನೋಡಿ, ಫೈಲ್ ಸರಿಪಡಿಸುವ ಸಾಧನವನ್ನು ಪುಕ್ಕಟೆ ಹಂಚಿದರು. ಎರಡು, ದುಡ್ಡು ತೆಗೆದುಕೊಳ್ಳೋಕೆ ಒಂದು ವಿಳಾಸ ಬೇಕಿತ್ತು. ವಿಳಾಸ ಇದ್ದ ಮೇಲೆ ಪೊಲೀಸರಿಗೆ ದಾರಿ ಸಿಗುತ್ತೆ. ಈ ಎರಡು ದೋಷಕ್ಕೆ ಮದ್ದು ಸಿಗೋಕೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡೀತು.

ಬೀಗ ಅವರದು, ಕೀಲಿಕೈಯೂ ಅವರದು

ಮೊದಲ ದೋಷಕ್ಕೆ ಮದ್ದು ಏನಿರಬಹುದು ಅಂತ ಬರೆದದ್ದು ಕಳ್ಳರಲ್ಲ, ಇಬ್ಬರು ಸಂಶೋಧಕರು. ಆಡಮ್ ಯಂಗ್ ಮತ್ತು ಮೋಟಿ ಯುಂಗ್. 1996ರ ಒಂದು ಭದ್ರತಾ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧ ಒಂದು ಎಚ್ಚರಿಕೆ. ಇಂಥದ್ದೊಂದು ಬರಬಹುದು, ಈಗಲೇ ತಯಾರಾಗಿ ಅಂತ.

ಅವರ ವಾದ ಸರಳವಾಗಿ ಹೇಳ್ತೀನಿ. ನಮ್ಮ ಅಂಗಡಿ ಶಟರ್‌ಗೆ ಹಾಕುವ ಬೀಗ ನೋಡಿ. ಒತ್ತಿದರೆ ಸಾಕು, ಬೀಳುತ್ತೆ. ಹಾಕೋಕೆ ಕೀಲಿಕೈ ಬೇಕಾಗಿಲ್ಲ, ತೆಗೆಯೋಕೆ ಮಾತ್ರ ಬೇಕು. ಪಬ್ಲಿಕ್ ಕೀ ಎನ್‌ಕ್ರಿಪ್ಷನ್ ಹಾಗೇ. ವೈರಸ್ ತನ್ನ ಜೊತೆ ಬೀಗ ಮಾತ್ರ ತರುತ್ತೆ. ಕೀಲಿಕೈ ಕಳ್ಳನ ಮನೆಯಲ್ಲೇ ಇರುತ್ತೆ. ಆಗ ಜಿಮ್ ಬೇಟ್ಸ್ ಥರದವರು ವೈರಸ್ಸನ್ನು ಎಷ್ಟೇ ಬಿಡಿಸಿ ನೋಡಿದರೂ ಅದರೊಳಗೆ ಕೀಲಿಕೈ ಸಿಗೋದಿಲ್ಲ, ಯಾಕಂದ್ರೆ ಅಲ್ಲಿ ಅದು ಇಲ್ಲವೇ ಇಲ್ಲ.

ಎರಡನೇ ದೋಷಕ್ಕೆ ಮದ್ದು ಬಿಟ್‌ಕಾಯಿನ್. 2009ರಲ್ಲಿ ಅದು ಶುರುವಾದಾಗ ಉದ್ದೇಶ ಇದಲ್ಲ. ಆದರೆ ಬ್ಯಾಂಕಿನ ಗೊಡವೆ ಇಲ್ಲದೆ, ಹೆಸರು ಹೇಳದೆ, ದೇಶ ದಾಟಿ ದುಡ್ಡು ಪಡೆಯುವ ದಾರಿ ತೆರೆದುಕೊಂಡಿತು.

2013ರ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಂಡ ಕ್ರಿಪ್ಟೋಲಾಕರ್ ಈ ಎರಡನ್ನೂ ಒಟ್ಟಿಗೆ ಹೂಡಿತು. ಇಮೇಲ್‌ಗೆ ಅಂಟಿಕೊಂಡು ಬರುತ್ತಿತ್ತು, ಫೈಲ್‌ಗಳಿಗೆ ಗಟ್ಟಿ ಬೀಗ ಹಾಕುತ್ತಿತ್ತು, 72 ಗಂಟೆ ಗಡುವು ಕೊಟ್ಟು ಸುಮಾರು 300 ಡಾಲರ್ ಕೇಳುತ್ತಿತ್ತು. 2014ರಲ್ಲಿ ಹಲವು ದೇಶದ ಪೊಲೀಸರು ಸೇರಿ ಅದರ ಜಾಲವನ್ನು ಹಿಡಿದರು. ಹಾಗೆ ಸಿಕ್ಕ ಕೀಲಿಕೈಗಳಿಂದ ಎಷ್ಟೋ ಜನರ ಫೈಲ್ ಬಿಡುಗಡೆ ಆಯಿತು. ಆದರೆ ಅಷ್ಟರಲ್ಲಿ ಇದೊಂದು ನಡೆಯುವ ದಂಧೆ ಅಂತ ಎಲ್ಲರಿಗೂ ತಿಳಿದುಹೋಗಿತ್ತು.

ಯಾರನ್ನೂ ಆರಿಸದ ಹುಳು

ಕಾಕಾ ಕೇಳಿದ ಎರಡನೇ ಪ್ರಶ್ನೆಗೆ, ಅಂದರೆ ನನ್ನನ್ನೇ ಯಾಕೆ ಅನ್ನೋದಕ್ಕೆ, ಉತ್ತರ 2017ರಲ್ಲಿದೆ.

ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ವಿಂಡೋಸ್‌ನಲ್ಲಿ ಒಂದು ಬಿರುಕು ಕಂಡುಹಿಡಿದು ತನ್ನ ಬಳಕೆಗೆ ಇಟ್ಟುಕೊಂಡಿತ್ತು. ಅದನ್ನು ಬಳಸುವ ಹತಾರಕ್ಕೆ ಎಟರ್ನಲ್‌ಬ್ಲೂ ಅಂತ ಹೆಸರು. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಆ ಬಿರುಕು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಏಪ್ರಿಲ್ 14ರಂದು ಒಂದು ಗುಂಪು ಆ ಹತಾರವನ್ನು ಬಹಿರಂಗವಾಗಿ ಹಾಕಿಬಿಟ್ಟಿತು. ಮೇ 12, ಶುಕ್ರವಾರ, ವಾನಾಕ್ರೈ ಬಂತು.

ಈ ದಿನಾಂಕಗಳನ್ನು ಇನ್ನೊಮ್ಮೆ ನೋಡಿ. ಮದ್ದು ಬಂದು ಎರಡು ತಿಂಗಳಾದ ಮೇಲೆ ರೋಗ ಬಂದದ್ದು. ಆದರೂ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬಿದ್ದವು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ಮುಂದೆ ಹೋದವು. ನಮ್ಮಲ್ಲಿ ಆಂಧ್ರಪ್ರದೇಶ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಸಿಕ್ಕಿಹಾಕಿಕೊಂಡವು. ಯಾರೂ ಯಾವುದೋ ಲಿಂಕ್ ಒತ್ತಬೇಕಾಗಿರಲಿಲ್ಲ. ಹುಳು ತಾನೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಬಾಗಿಲು ತಟ್ಟುತ್ತಾ ಹೋಯಿತು. ಕೊನೆಗೆ ಮಾರ್ಕಸ್ ಹಚಿನ್ಸ್ ಅನ್ನುವ ಬ್ರಿಟಿಷ್ ಹುಡುಗ, ಆ ಹುಳು ಪದೇ ಪದೇ ಹುಡುಕುತ್ತಿದ್ದ ಒಂದು ವೆಬ್ ವಿಳಾಸವನ್ನು ತನ್ನ ಹೆಸರಿಗೆ ನೋಂದಾಯಿಸಿದ. ಅದು ಸಿಕ್ಕ ತಕ್ಷಣ ಹುಳು ಹರಡುವುದನ್ನು ನಿಲ್ಲಿಸಿತು.

ಹಾಗಾಗಿ "ನಾ ಸಣ್ಣಾವ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ ಕಾಕಾ. ಅವರು ನಿಮ್ಮ ಹೆಸರು ನೋಡಿ ಬಂದದ್ದಲ್ಲ. ಬೀದಿಯಲ್ಲಿ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಾ ಬಂದರು, ನಿಮ್ಮದು ತೆರೆದಿತ್ತು. ಲಾಕ್‌ಡೌನ್‌ನಲ್ಲಿ ಲೆಕ್ಕ ಬರೆಯುವ ಹುಡುಗಿ ಮನೆಯಿಂದ ಟ್ಯಾಲಿ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದರು. ಪಾಸ್‌ವರ್ಡ್ ವರ್ಕ್‌ಶಾಪ್‌ನ ಹೆಸರು, ಅದರ ಮುಂದೆ 123.

ಉರಣ್ ದಾರಿಯ ಆ ಬಂದರು

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ ಕಥೆ. ಮುಂಬೈ, ನವಿ ಮುಂಬೈಯಲ್ಲಿ ಇರೋರಿಗೆ ಇದು ಪಕ್ಕದ ಊರಿನ ಕಥೆ.

ಉಕ್ರೇನ್‌ನಲ್ಲಿ ಎಂ.ಇ.ಡಾಕ್ ಅನ್ನುವ ಒಂದು ಲೆಕ್ಕಪತ್ರದ ಸಾಫ್ಟ್‌ವೇರ್ ಇದೆ. ನಮ್ಮಲ್ಲಿ ಟ್ಯಾಲಿ ಇದ್ದ ಹಾಗೆ ಅಂದುಕೊಳ್ಳಿ, ಅಲ್ಲಿ ತೆರಿಗೆ ಕಟ್ಟುವ ಬಹುಪಾಲು ಕಂಪನಿಗಳಲ್ಲಿ ಅದು ಇತ್ತು. ದಾಳಿಕೋರರು ಆ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸುವ ಸರ್ವರ್ ಒಳಗೇ ಹೊಕ್ಕಿದ್ದರು. 2017ರ ಜೂನ್ 27, ಉಕ್ರೇನ್‌ನ ಸಂವಿಧಾನ ದಿನದ ಹಿಂದಿನ ದಿನ, ಆ ದಾರಿಯಲ್ಲಿ ನಾಟ್‌ಪೆಟ್ಯಾ ಹೊರಬಂತು. ಎಟರ್ನಲ್‌ಬ್ಲೂ ಜೊತೆಗೆ, ಕಂಪ್ಯೂಟರ್‌ನ ಮೆಮೊರಿಯಿಂದ ಪಾಸ್‌ವರ್ಡ್ ಕದಿಯುವ ಕಲೆಯೂ ಅದಕ್ಕಿತ್ತು. ಅಪ್‌ಡೇಟ್ ಮಾಡಿಕೊಂಡಿದ್ದ ಕಂಪ್ಯೂಟರ್‌ಗಳಿಗೂ ಕದ್ದ ಪಾಸ್‌ವರ್ಡ್ ಹಿಡಿದು ನುಗ್ಗುತ್ತಿತ್ತು.

ಪರದೆ ಮೇಲೆ 300 ಡಾಲರ್ ಕೊಡಿ ಅಂತ ಬರುತ್ತಿತ್ತು. ಆದರೆ ಅದು ನಾಟಕ. ಕೀಲಿಕೈ ಪಡೆಯೋಕೆ ಅಂತ ತೋರಿಸುತ್ತಿದ್ದ ಸಂಖ್ಯೆ ಸುಮ್ಮನೆ ಬಾಯಿಗೆ ಬಂದ ಸಂಖ್ಯೆ, ಅದರಿಂದ ಯಾವ ಫೈಲೂ ತೆರೆಯಲು ಸಾಧ್ಯ ಇರಲಿಲ್ಲ. ದುಡ್ಡಿಗಲ್ಲ, ಹಾಳು ಮಾಡೋಕೇ ಮಾಡಿದ್ದು. 2018ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಸರ್ಕಾರಗಳು ಇದು ರಷ್ಯಾ ಸೇನೆಯ ಕೆಲಸ ಅಂತ ಹೇಳಿದವು. ರಷ್ಯಾ ಅದನ್ನು ಒಪ್ಪಲಿಲ್ಲ.

ಮೇರ್ಸ್ಕ್ ಡೆನ್ಮಾರ್ಕ್‌ನ ಹಡಗು ಕಂಪನಿ. ಉಕ್ರೇನ್ ಜಗಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದರ ಒಡೆಸಾ ಕಚೇರಿಯ ಒಂದು ಕಂಪ್ಯೂಟರ್‌ನಲ್ಲಿ ಎಂ.ಇ.ಡಾಕ್ ಇತ್ತು. ಅಷ್ಟೇ ಸಾಕಾಯಿತು. ಕೋಪನ್‌ಹೇಗನ್ ಮುಖ್ಯ ಕಚೇರಿಯಲ್ಲಿ ಪರದೆಗಳು ಒಂದಾದ ಮೇಲೊಂದು ಕಪ್ಪಾದವು. ಜಗತ್ತಿನಾದ್ಯಂತ ಆ ಸಮೂಹದ 17 ಟರ್ಮಿನಲ್‌ಗಳಿಗೆ ಪೆಟ್ಟು ಬಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಗೇಟಿನ ಮುಂದೆ ಟ್ರಕ್‌ಗಳ ಸಾಲು ನಿಂತಿತು. ಇಲ್ಲಿ ನಮ್ಮ ನ್ಹಾವಾ ಶೇವಾದ ಜೆಎನ್‌ಪಿಟಿಯಲ್ಲಿ, ಅದೇ ಸಮೂಹ ನಡೆಸುವ ಗೇಟ್‌ವೇ ಟರ್ಮಿನಲ್‌ನ ಕಂಪ್ಯೂಟರ್ ವ್ಯವಸ್ಥೆ ನಿಂತುಹೋಯಿತು. ಯಾವ ಡಬ್ಬಿ ಎಲ್ಲಿದೆ, ಯಾರದು, ಎಲ್ಲಿಗೆ ಹೋಗಬೇಕು ಅಂತ ಹೇಳುವ ಯಂತ್ರವೇ ಇಲ್ಲ. ಕೈಯಲ್ಲಿ ಬರೆದುಕೊಂಡು ಕೆಲಸ ಸಾಗಿಸಬೇಕಾಯಿತು.

ಪನ್ವೇಲ್ ದಾಟಿ ಉರಣ್ ಕಡೆ ಹೋದವರಿಗೆ ಆ ಕಂಟೇನರ್ ಟ್ರಕ್‌ಗಳ ಸಾಲು ಗೊತ್ತು. ಉಕ್ರೇನ್‌ನ ತೆರಿಗೆ ಸಾಫ್ಟ್‌ವೇರ್‌ಗೂ ಈ ರಸ್ತೆಗೂ ಎತ್ತಣಿಂದೆತ್ತ ಸಂಬಂಧ?

ಮೇರ್ಸ್ಕ್‌ನ ಸಾಮಾನ್ಯ ಫೈಲ್‌ಗಳಿಗೆ, ಸರ್ವರ್‌ಗಳಿಗೆ ಬ್ಯಾಕಪ್ ಇತ್ತು. ಆದರೆ ಇಡೀ ಜಾಲದಲ್ಲಿ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಅಂತ ಹೇಳುವ ಡೊಮೇನ್ ಕಂಟ್ರೋಲರ್ ಅನ್ನುವ ಸರ್ವರ್‌ಗಳು ಇರುತ್ತವೆ. ಅಂಥವು ಅವರಲ್ಲಿ ಸುಮಾರು 150 ಇದ್ದವು. ಒಂದಕ್ಕೊಂದು ಸದಾ ಕಾಪಿ ಮಾಡಿಕೊಳ್ಳುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆಯಲ್ಲ, ಬೇರೆ ಬ್ಯಾಕಪ್ ಯಾಕೆ ಅನ್ನೋದು ಲೆಕ್ಕಾಚಾರ. ಎಲ್ಲವೂ ಒಂದೇ ಸಲ ಹೋಗಬಹುದು ಅಂತ ಆ ಲೆಕ್ಕದಲ್ಲಿ ಇರಲಿಲ್ಲ. ಎಲ್ಲವೂ ಒಂದೇ ಸಲ ಹೋದವು.

ಒಂದು ಮಾತ್ರ ಉಳಿಯಿತು. ಆಫ್ರಿಕಾದ ಘಾನಾ ಕಚೇರಿಯದ್ದು. ಯಾಕೆ ಉಳಿಯಿತು ಗೊತ್ತಾ? ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟ್ ಹೋಗಿತ್ತು. ಆ ಸರ್ವರ್ ಜಾಲದಿಂದ ಕಡಿದುಕೊಂಡಿತ್ತು. ಅಲ್ಲಿಯ ಇಂಟರ್ನೆಟ್ ನಿಧಾನ, ಅಷ್ಟು ಡೇಟಾ ಬ್ರಿಟನ್‌ಗೆ ಕಳಿಸೋಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಘಾನಾದ ಸಿಬ್ಬಂದಿಗೆ ಬ್ರಿಟನ್ ವೀಸಾ ಇರಲಿಲ್ಲ. ಹಾಗಾಗಿ ಒಬ್ಬರು ಹಾರ್ಡ್ ಡ್ರೈವ್ ಹಿಡಿದು ನೈಜೀರಿಯಾಕ್ಕೆ ಹಾರಿದರು, ಅಲ್ಲಿ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್‌ಗೆ ತಂದರು. ಆಗ ಜಗತ್ತಿನ ಅತಿ ದೊಡ್ಡದಾಗಿದ್ದ ಹಡಗು ಕಂಪನಿ ಆ ಒಂದು ಡ್ರೈವ್‌ನಿಂದ ಮತ್ತೆ ಎದ್ದು ನಿಂತಿತು.

ಮುಂದಿನ ಜನವರಿಯಲ್ಲಿ ದಾವೋಸ್‌ನಲ್ಲಿ ಕಂಪನಿಯ ಅಧ್ಯಕ್ಷ ಜಿಮ್ ಹಾಗೆಮನ್ ಸ್ನಾಬೆ ಇದನ್ನು ಮುಚ್ಚಿಡದೆ ಹೇಳಿಕೊಂಡರು. 4,000 ಸರ್ವರ್, 45,000 ಕಂಪ್ಯೂಟರ್, 2,500 ಅಪ್ಲಿಕೇಷನ್‌ಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕೂರಿಸಿದೆವು ಅಂತ. ನಷ್ಟ 25ರಿಂದ 30 ಕೋಟಿ ಡಾಲರ್ ಅಂತ ಕಂಪನಿಯೇ ಅಂದಾಜು ಮಾಡಿತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೇರ್ಸ್ಕ್‌ನ ಆ 150 ಸರ್ವರ್‌ಗಳೂ, ನಾನು ಕಾಕಾಗೆ ಹಚ್ಚಿಕೊಟ್ಟ ಹಾರ್ಡ್ ಡಿಸ್ಕೂ ಒಂದೇ ತಪ್ಪು. ಡಿಸ್ಕ್ ಕೆಟ್ಟರೆ ಏನು ಗತಿ ಅಂತ ನಾನು ಯೋಚಿಸಿದ್ದೆ. ಕಳ್ಳ ಬಂದರೆ ಏನು ಗತಿ ಅಂತ ಯೋಚಿಸಿರಲಿಲ್ಲ. ಸದಾ ಜೋಡಿಸಿಕೊಂಡೇ ಇರುವ ಕಾಪಿ ಯಂತ್ರ ಕೆಟ್ಟಾಗ ಕಾಯುತ್ತೆ, ಕಳ್ಳ ಬಂದಾಗ ಕಾಯಲ್ಲ.

ಕೊಟ್ಟವರು, ಕೊಡದವರು

ರೊಕ್ಕದ ಪ್ರಶ್ನೆಗೆ ಬರೋಣ. 2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಅನ್ನುವ ಇಂಧನ ಸಾಗಣೆ ಕಂಪನಿಗೆ ಡಾರ್ಕ್‌ಸೈಡ್ ಗುಂಪು ಬೀಗ ಹಾಕಿತು. ಒಳಗೆ ಬಂದದ್ದು, ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಮಾತ್ರ ಇತ್ತು, ಫೋನಿಗೆ ಬರುವ ಎರಡನೇ ಕೋಡ್ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಸಿಕ್ಕ ಬಿಡಿಸುವ ಸಾಧನ ಎಷ್ಟು ನಿಧಾನ ಇತ್ತಂದ್ರೆ, ಕಂಪನಿ ತನ್ನದೇ ಬ್ಯಾಕಪ್‌ಗಳನ್ನೂ ನೆಚ್ಚಬೇಕಾಯಿತು. ಮುಂದೆ ತನಿಖೆಯವರು 63.7 ಬಿಟ್‌ಕಾಯಿನ್ ವಶಪಡಿಸಿಕೊಂಡರು, ಆದರೆ ಅಷ್ಟರಲ್ಲಿ ಅದರ ಬೆಲೆ ಇಳಿದಿತ್ತು.

ಇನ್ನೊಂದು ವಿಷಯ. 2019ರ ಕೊನೆಯಲ್ಲಿ ಮೇಜ್ ಅನ್ನುವ ಗುಂಪು ಬೀಗ ಹಾಕುವ ಮೊದಲು ಫೈಲ್‌ಗಳನ್ನು ಕದ್ದು, ದುಡ್ಡು ಕೊಡದಿದ್ದರೆ ಬಹಿರಂಗ ಮಾಡ್ತೀವಿ ಅನ್ನೋಕೆ ಶುರು ಮಾಡಿತು. ಬೇರೆಯವರೂ ಅದನ್ನೇ ಹಿಡಿದರು. ಹಾಗಾಗಿ ಬ್ಯಾಕಪ್ ಇದ್ದರೆ ಕೆಲಸ ಮತ್ತೆ ಶುರುವಾಗುತ್ತೆ, ನಿಜ. ಆದರೆ ಕದ್ದದ್ದು ಕದ್ದಂತೆಯೇ. ಗ್ರಾಹಕರ ಗುಟ್ಟು ಇಟ್ಟುಕೊಂಡವರು ಬಾಗಿಲನ್ನೂ ಭದ್ರ ಮಾಡಲೇಬೇಕು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆ. ದೆಹಲಿ ಕನ್ನಡಿಗರಿಗೆ ಆ ದಿನಗಳು ನೆನಪಿರಬಹುದು. ಐದು ಸರ್ವರ್‌ಗಳಲ್ಲಿ ಸುಮಾರು 1.3 ಟೆರಾಬೈಟ್ ಡೇಟಾಗೆ ಬೀಗ ಬಿತ್ತು, ಚೀಟಿ ಬರೆಯುವುದರಿಂದ ಹಿಡಿದು ಲ್ಯಾಬ್ ವರದಿವರೆಗೆ ಎಲ್ಲ ಕೈಬರಹ. ಜಾಲವನ್ನು ಸರಿಯಾಗಿ ಭಾಗ ಮಾಡಿರಲಿಲ್ಲ, ಅದರಿಂದ ಹೀಗಾಯಿತು ಅಂತ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅದೇ ಉತ್ತರದಲ್ಲಿ ಇನ್ನೊಂದು ಸಾಲೂ ಇತ್ತು. ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಡೇಟಾ ಎಲ್ಲ ವಾಪಸ್ ಸಿಕ್ಕಿತು ಅಂತ. ಘಾನಾದಲ್ಲಿ ಅದೃಷ್ಟ ಮಾಡಿದ ಕೆಲಸವನ್ನು ಇಲ್ಲಿ ಆ ಬ್ಯಾಕಪ್ ಸರ್ವರ್ ಮಾಡಿತು.

ಮತ್ತೆ ಭೋಸರಿಗೆ

ಕಾಕಾ ದುಡ್ಡು ಕೊಡಲಿಲ್ಲ. ನೀತಿ ಅಂತ ಅಲ್ಲ, "ಒಮ್ಮೆ ಕೊಟ್ರ ಮತ್ತ ಬರ್ತಾರ" ಅನ್ನೋ ವ್ಯವಹಾರಜ್ಞಾನ. ಸೈಬರ್ ಸೆಲ್‌ಗೆ ದೂರು ಕೊಟ್ಟೆವು. ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ಅನ್ನುವ ತಾಣ ಇದೆ, ಸಿಕ್ಕಿರುವ ಕೀಲಿಕೈಗಳನ್ನು ಅಲ್ಲಿ ಪುಕ್ಕಟೆ ಕೊಡ್ತಾರೆ. ನಮ್ಮದಕ್ಕೆ ಅಲ್ಲಿ ಸಿಗಲಿಲ್ಲ.

ಲೆಕ್ಕ ನೋಡುವ ಸಿಎ ಹತ್ತಿರ ಸೆಪ್ಟೆಂಬರ್‌ವರೆಗಿನ ಟ್ಯಾಲಿ ಕಾಪಿ ಇತ್ತು. ಉಳಿದ ತಿಂಗಳುಗಳದ್ದು ಬಿಲ್ ಫೈಲ್ ಮುಂದಿಟ್ಟುಕೊಂಡು ಕೈಯಾರೆ ಹಾಕಿದೆವು. ಮೂರು ವಾರ. ಶನಿವಾರ, ಭಾನುವಾರ ನಾನೂ ಕೂತೆ. ಪಾರ್ಟ್‌ಗಳ ಡ್ರಾಯಿಂಗ್‌ಗಳಲ್ಲಿ ಪ್ರಿಂಟ್ ಹಾಕಿ ಮಷಿನ್ ಪಕ್ಕ ಅಂಟಿಸಿದ್ದವು, ಎಣ್ಣೆ ಮೆತ್ತಿಕೊಂಡಿದ್ದವು, ಅವು ಉಳಿದವು. ಉಳಿದದ್ದು ಹೋಯಿತು. ಒಬ್ಬ ಹಳೆಯ ಗ್ರಾಹಕ ಸಮಯಕ್ಕೆ ಮಾಲು ಸಿಗಲಿಲ್ಲ ಅಂತ ಬೇರೆ ಕಡೆ ಹೋದ, ಮತ್ತೆ ಬರಲಿಲ್ಲ. ಕಾಕಾ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಈಗ ಅಲ್ಲಿ ಏನಿದೆ ಅಂತ ಹೇಳ್ತೀನಿ, ನಿಮ್ಮ ಅಂಗಡಿ, ಹೋಟೆಲ್, ಕ್ಲಿನಿಕ್‌ಗೂ ಆಗುತ್ತೆ. ಪೀಟರ್ ಕ್ರೋಗ್ ಅನ್ನುವ ಛಾಯಾಗ್ರಾಹಕ ತನ್ನ ಫೋಟೋ ಉಳಿಸಿಕೊಳ್ಳೋಕೆ ಹೇಳಿದ 3-2-1 ಅನ್ನುವ ಸೂತ್ರ ಅದು. ಮೂರು ಕಾಪಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಎರಡು ಹಾರ್ಡ್ ಡಿಸ್ಕ್ ಇವೆ, ವಾರ ಬಿಟ್ಟು ವಾರ ಬದಲು. ಕಾಪಿ ಆದ ತಕ್ಷಣ ಬಿಚ್ಚಿ, ಒಂದು ಕಾಕಾ ಮನೆಯ ಗಾಡ್ರೇಜ್ ಕಪಾಟಿಗೆ ಹೋಗುತ್ತೆ. ಹಳೆಯ ಕಾಪಿಗಳನ್ನು ಅಳಿಸಲಾಗದಂತೆ ಇಡುವ ಕ್ಲೌಡ್ ಬ್ಯಾಕಪ್ ಒಂದಿದೆ. ರಿಮೋಟ್ ಡೆಸ್ಕ್‌ಟಾಪ್ ಇಂಟರ್ನೆಟ್‌ಗೆ ತೆರೆದಿಲ್ಲ. ಮನೆಯಿಂದ ನೋಡಬೇಕಾದರೆ ವಿಪಿಎನ್, ಜೊತೆಗೆ ಫೋನಿನ ಕೋಡ್. ವಿಂಡೋಸ್ ಅಪ್‌ಡೇಟ್ ಬಂದರೆ ಅವತ್ತೇ. ಲೆಕ್ಕದ ಕಂಪ್ಯೂಟರ್ ಬೇರೆ, ಮಷಿನ್‌ಗಳ ಕಂಪ್ಯೂಟರ್ ಬೇರೆ ಜಾಲದಲ್ಲಿ.

ಎಲ್ಲಕ್ಕಿಂತ ಮುಖ್ಯ, ಮೂರು ತಿಂಗಳಿಗೊಮ್ಮೆ ಕಪಾಟಿನ ಡಿಸ್ಕ್ ತೆಗೆದು, ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ನಿಜವಾಗಲೂ ತೆರೆಯುತ್ತಾ ಅಂತ ನೋಡ್ತೀವಿ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ.

ಆಗ ಇರದ ಒಂದು ನಿಯಮ ಈಗ ಇದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು. ನಾಚಿಕೆ ಅಂತ ಮುಚ್ಚಿಡಬೇಡಿ. ಮೇರ್ಸ್ಕ್‌ನ ಆಗಿನ ಅಧ್ಯಕ್ಷರೇ ವೇದಿಕೆ ಮೇಲೆ ಹೇಳಿಕೊಂಡಿದ್ದಾರೆ, ನಮ್ಮದೇನು.

ಹೋದ ತಿಂಗಳು ಭೋಸರಿಗೆ ಹೋಗಿದ್ದೆ. ಶುಕ್ರವಾರ ಸಂಜೆ. ಕಾಕಾ ಡಿಸ್ಕ್ ಬಿಚ್ಚಿ, ಊಟದ ಡಬ್ಬಿ ಚೀಲದೊಳಗೆ ಇಟ್ಟುಕೊಂಡರು. "ಇದನ್ನ ಮರೆತ್ರ ನಿಮ್ಮ ಕಾಕು ಮನಿ ಒಳಗ ಬಿಡೂದಿಲ್ಲ" ಅಂದರು.

ನೀವೂ ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಒಮ್ಮೆ ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿ. ಬ್ಯಾಕಪ್ ಡಿಸ್ಕ್‌ನ ವಯರ್ ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದರೆ, ಬಿಚ್ಚಿಬಿಡಿ.